ತಿಪ್ಪೆ ಸಾರಿಸಿ ಮೇಲೆ ಗಿಡ ನೆಟ್ಟರೆ

ಮೂರು ವಾರದಿಂದ ಪೇಜಲ್ಲಿ ಏನೂ ಬರೆದಿಲ್ಲ ಅಂತ ಕೆಲವರು ಫೋನ್ ಮಾಡಿ ಕೇಳಿದಿರಿ. ಅವರೆಗೆ ಕಾಯಿಕೊರಕ ಬಿದ್ದ ಕತೆಯ ಎರಡನೇ ಭಾಗ ಬಾಕಿ ಇದೆ, ನೆನಪಿದೆ. ಅದನ್ನ ಮುಂದಿನ ವಾರ ಬರೀತೀನಿ. ಇವತ್ತು ಬೇರೆ ವಿಷಯ. ಸ್ವಲ್ಪ ಉದ್ದ ಆಗುತ್ತೆ, ಸ್ವಲ್ಪ ಕೋಪಾನೂ ಇದೆ. ಹೊಟ್ಟೆಗೆ ಹಾಕ್ಕೊಳ್ಳಿ.

ಮುಂಬೈಗೆ ಹೋಗಿದ್ದೆ. ಮಗಳಿಗೆ ಏಳು ತಿಂಗಳು ತುಂಬಿತ್ತು, ಹೆರಿಗೆಗೆ ಊರಿಗೆ ಕರ್ಕೊಂಡು ಬರಬೇಕಿತ್ತು. ಹೋದವನು ಅಲ್ಲಿ ಒಂದು ಪಾರ್ಕ್ ನೋಡಿ ಬಂದೆ. ಸಮುದ್ರ ನೋಡಲಿಲ್ಲ, ತಾಜ್ ಹೋಟೆಲ್ ನೋಡಲಿಲ್ಲ. ಇಷ್ಟು ದೂರ ಬಂದು ಪಾರ್ಕ್ ಯಾಕೆ ಮಾವ ಅಂತ ಅಳಿಯಂದಿರಿಗೇ ಆಶ್ಚರ್ಯ.

ಕಾರಣ ಇದೆ. ಹೋದ ತಿಂಗಳು ನಮ್ಮ ಪಂಚಾಯ್ತಿಯಲ್ಲಿ ಒಂದು ಸಭೆ ಆಯ್ತು. ಊರಿನ ಉತ್ತರಕ್ಕೆ ಒಂದು ಕಲ್ಲು ಕ್ವಾರಿ ಇದೆಯಲ್ಲ, ಆರು ವರ್ಷದಿಂದ ಕೆಲಸ ನಿಂತು ಮಳೆನೀರು ತುಂಬ್ಕೊಂಡಿದೆ, ಹಿಂದೆ ಫೋಟೋ ಹಾಕಿದ್ದೆ. ಅದಕ್ಕೆ ನಗರದ ಕಸ ತಂದು ತುಂಬಿಸೋ ಮಾತು. "ವೈಜ್ಞಾನಿಕವಾಗಿ" ಅನ್ನೋ ಪದ ಆ ಸಭೆಯಲ್ಲಿ ಎಷ್ಟು ಸಲ ಬಂತು ಅಂತ ಎಣಿಸೋಕೆ ಹೋಗಿ ಹನ್ನೊಂದಕ್ಕೆ ಬಿಟ್ಟೆ. ಬಂದಿದ್ದ ಸಾಹೇಬರು ಲ್ಯಾಪ್‌ಟಾಪ್ ತಿರುಗಿಸಿ ಫೋಟೋ ತೋರಿಸಿದರು. ಹಸಿರು ಮರ, ಚಿಟ್ಟೆ, ಸಾಲಾಗಿ ನಿಂತ ಶಾಲೆ ಮಕ್ಕಳು. "ಇದು ಮುಂಬೈ. ಮೊದಲು ಕಸದ ಗುಡ್ಡೆ ಆಗಿತ್ತು. ಈಗ ನೋಡಿ ಹೇಗಿದೆ! ನಿಮ್ಮೂರಿಗೂ ನಾಳೆ ಇಂಥದ್ದೇ ಪಾರ್ಕ್ ಬರುತ್ತೆ" ಅಂದರು. ನಮ್ಮ ಹುಡುಗರಲ್ಲಿ ಇಬ್ಬರು ಚಪ್ಪಾಳೆ ತಟ್ಟಿದರು. ನನಗೆ ಉತ್ತರ ಹೊಳೀಲಿಲ್ಲ. ನೋಡದೇ ಇರೋ ಜಾಗದ ಬಗ್ಗೆ ಏನಂತ ಮಾತಾಡೋದು?

ಅದಕ್ಕೇ ಹೋಗಿ ನೋಡಿದ್ದು.

ಮಹಾರಾಷ್ಟ್ರ ನೇಚರ್ ಪಾರ್ಕ್ ಅಂತ ಹೆಸರು. ಜನ ಮಾಹಿಮ್ ನೇಚರ್ ಪಾರ್ಕ್ ಅಂತಾನೂ ಕರೀತಾರೆ. ಮಗಳ ಮನೆ ಥಾಣೆ ಕಡೆ. ಲೋಕಲ್ ಟ್ರೈನಲ್ಲಿ ಸಯಾನ್‌ಗೆ ಬಂದು ಅಲ್ಲಿಂದ ಬಸ್ಸು. ಒಂದು ಕಡೆ ಮೀಠಿ ನದಿ. ನದಿ ಅನ್ನೋಕೆ ಬಾಯಿ ಬರಲ್ಲ, ನಮ್ಮ ವೃಷಭಾವತಿಯ ಅಕ್ಕ ಅನ್ನಬಹುದು. ಇನ್ನೊಂದು ಕಡೆ ದೊಡ್ಡ ರಸ್ತೆ, ರಸ್ತೆ ದಾಟಿದರೆ ಧಾರಾವಿ. ಇವೆರಡರ ನಡುವೆ 37 ಎಕರೆ ಕಾಡು.

ನಾನು ಸುಳ್ಳು ಹೇಳಲ್ಲ, ಜಾಗ ಚೆನ್ನಾಗಿದೆ. ಗೇಟು ದಾಟಿ ಐವತ್ತು ಹೆಜ್ಜೆ ಹೋಗೋದ್ರಲ್ಲಿ ಬಿಸಿಲು ಕಡಿಮೆ ಆಯ್ತು, ಗಾಡಿ ಸದ್ದು ಸಣ್ಣದಾಯ್ತು. ಹೊಂಗೆ ಇದೆ, ಅತ್ತಿ ಇದೆ, ನನಗೆ ಹೆಸರು ಗೊತ್ತಿಲ್ಲದ ಮರಗಳು ಬೇಕಾದಷ್ಟಿವೆ. ಮಳೆನೀರು ಹಿಡಿದಿಡೋ ಕೊಳ ಇದೆ. ಅಳಿಯಂದಿರು ಫೋನ್ ನೋಡ್ತಾ ಕಲ್ಲುಬೆಂಚಿನ ಮೇಲೆ ಕೂತರು. ನಾನು ಯಾರೂ ನೋಡ್ತಿಲ್ಲ ಅಂತ ಖಾತ್ರಿ ಮಾಡ್ಕೊಂಡು, ಒಂದು ಮರದ ಬುಡದಲ್ಲಿ ತರಗೆಲೆ ಸರಿಸಿ ಒಂದು ಹಿಡಿ ಮಣ್ಣು ತೆಗೆದು ಮೂಸಿದೆ. ಒಳ್ಳೇ ವಾಸನೆ. ಎರೆಹುಳದ ಹಿಕ್ಕೆ ಕೂಡ ಇತ್ತು. ನನ್ನ ಹೊಲದ ಮೂಡಲ ಮೂಲೆಗಿಂತ ವಾಸಿ ಅಂತ ಅನ್ನಿಸಿ ಸ್ವಲ್ಪ ಹೊಟ್ಟೆಕಿಚ್ಚೂ ಆಯ್ತು.

ಆ ಜಾಗ ಮಾಡಿದವರಿಗೆ ಕೈ ಮುಗೀಬೇಕು. ಹಕ್ಕಿಗಳ ಬಗ್ಗೆ ಪುಸ್ತಕ ಬರೆದ ಸಲೀಂ ಅಲಿ ಅವರು 1983ರಲ್ಲಿ ಅಲ್ಲಿ ಮೊದಲ ಗಿಡ ನೆಟ್ಟರಂತೆ. ಜನರಿಗೆ ಬಾಗಿಲು ತೆಗೆದಿದ್ದು 1994ರಲ್ಲಿ. ಮೊದಲ ಸಸಿಯಿಂದ ಬಾಗಿಲು ತೆಗೆಯೋವರೆಗೆ 11 ವರ್ಷ, ಅದಕ್ಕಿಂತ ಮುಂಚೆ ಕಸ ಬೀಳೋದು ನಿಂತು ಕಾದ ವರ್ಷಗಳು ಬೇರೆ. ಮಣ್ಣು ಹೊಡೆಸಿ, ಗಿಡ ಸತ್ತಲ್ಲಿ ಮತ್ತೆ ನೆಟ್ಟು, ನೀರು ಹಾಕಿ, ಕಾವಲು ಇಟ್ಟು ಮಾಡಿದ್ದಾರೆ. ಕಸದ ಮೇಲೆ ಕಾಡು ತಾನಾಗೇ ಬೆಳೆಯಲ್ಲ. ಗಿಡ ಸಾಕಿದ ಯಾರನ್ನ ಬೇಕಾದ್ರೂ ಕೇಳಿ.

ಈಗ ನನ್ನ ತಕರಾರಿಗೆ ಬರ್ತೀನಿ. ತಕರಾರು ಆ ಪಾರ್ಕಿನ ಮೇಲಿಲ್ಲ, ಅದರ ಫೋಟೋ ಹಿಡ್ಕೊಂಡು ನಮ್ಮೂರಿಗೆ ಬಂದವರ ಮೇಲೆ.

ಸಾಹೇಬರು ತೋರಿಸಿದ ಫೋಟೋದಲ್ಲಿ ಒಂದು ಪ್ರಶ್ನೆಗೆ ಉತ್ತರ ಇರಲಿಲ್ಲ. ಅಲ್ಲಿ ಕಸ ಹಾಕೋದು ನಿಂತ ಮೇಲೆ ಮುಂಬೈ ಕಸ ಎಲ್ಲಿಗೆ ಹೋಯ್ತು? ಮುಂಬೈ ಜನ ಕಸ ಮಾಡೋದನ್ನೇ ಬಿಟ್ಟರಾ? ದೇವನಾರ್ ಅಂತ ಒಂದು ಜಾಗ ಇದೆ, ಅದೇ ಊರಿನ ಪೂರ್ವಕ್ಕೆ. 1927ರಿಂದ ಅಲ್ಲಿ ಕಸ ಬೀಳ್ತಾ ಇದೆ. ಇಲ್ಲಿ ಸಸಿ ನೆಡುವಾಗ ಅಲ್ಲಿ ಲಾರಿ ಹೋಗ್ತಾ ಇತ್ತು, ಇಲ್ಲಿ ಶಾಲೆ ಮಕ್ಕಳು ಚಿಟ್ಟೆ ಎಣಿಸುವಾಗಲೂ ಅಲ್ಲಿ ಲಾರಿ ಹೋಗ್ತಾ ಇತ್ತು. 2016ರ ಜನವರಿಯಲ್ಲಿ ದೇವನಾರ್ ಗುಡ್ಡೆಗೆ ಬೆಂಕಿ ಬಿದ್ದು ದಿನಗಟ್ಟಲೆ ಉರೀತು. ಹೊಗೆ ಮೇಲೆ ಉಪಗ್ರಹಕ್ಕೂ ಕಂಡಿತ್ತು. ಮಕ್ಕಳ ಶಾಲೆಗೆ ರಜೆ ಕೊಡಬೇಕಾಯ್ತು. ಒಂದು ಕಡೆ ಪಾರ್ಕ್ ಆಗಬೇಕಾದ್ರೆ ಇನ್ನೊಂದು ಕಡೆ ಗುಡ್ಡೆ ಬೆಳೀಲೇಬೇಕು, ಎಲ್ಲಿಯವರೆಗೆ ಅಂದ್ರೆ ಕಸಾನ ಕಸವಾಗೇ ಲಾರಿಗೆ ತುಂಬೋವರೆಗೆ.

ನಮ್ಮ ಕಡೆ ಇದೇ ಕತೆ ಇನ್ನೂ ಹತ್ತಿರದಲ್ಲಿ ನೋಡಿದೀವಿ. ಮಾವಳ್ಳಿಪುರದವರು ವರ್ಷಗಟ್ಟಲೆ ಹೋರಾಡಿ 2012ರಲ್ಲಿ ಬೆಂಗಳೂರಿನ ಲಾರಿ ನಿಲ್ಲಿಸಿದರು. ಆ ಭಾರವೂ ಮಂಡೂರಿನ ಮೇಲೆ ಬಿತ್ತು. ಮಂಡೂರಿನವರು 2014ರಲ್ಲಿ ರಸ್ತೆಗೆ ಕೂತರು, ಆ ವರ್ಷದ ಡಿಸೆಂಬರ್ 1ರ ಗಡುವು ಪಡೆದು ನಿಲ್ಲಿಸಿದರು. ಆಮೇಲೆ ಕ್ವಾರಿಗಳ ಸರದಿ. ಮಾವಳ್ಳಿಪುರದಲ್ಲಾಗಲಿ ಮಂಡೂರಲ್ಲಾಗಲಿ ಚಿಟ್ಟೆ ಪಾರ್ಕ್ ಆಯ್ತು, ಬನ್ನಿ ನೋಡೋಣ ಅಂತ ಯಾರೂ ನಮ್ಮನ್ನ ಕರೆದಿಲ್ಲ. ಮುಂಬೈವರೆಗೆ ಹೋಗಿ ಫೋಟೋ ತರೋ ಸಾಹೇಬರಿಗೆ ಬಸ್ಸಿಗೆ ಒಂದು ಗಂಟೆ ದೂರದ ಮಂಡೂರಿನ ಫೋಟೋ ಯಾಕೆ ಸಿಗಲಿಲ್ಲ?

ಪಾರ್ಕ್ ಆಗೋದು ಎಲ್ಲಿ ಅಂದ್ರೆ ಜಾಗಕ್ಕೆ ಬೆಲೆ ಬಂದ ಕಡೆ, ಊರಿನ ನಟ್ಟನಡುವೆ. ಕಸದ ಮೇಲೆ ಕಟ್ಟಡ ನಿಲ್ಲಿಸೋದು ಕಷ್ಟ, ನೆಲ ಕುಸೀತಾ ಇರುತ್ತೆ, ಅದಕ್ಕೆ ಮರ ನೆಡ್ತಾರೆ. ನಮ್ಮ ಹೋಬಳಿ ಮೂಲೆಯ ಕ್ವಾರಿಗೆ ಯಾರು ಬಂದು ಚಿಟ್ಟೆ ಸಾಕ್ತಾರೆ? ನಮಗೆ ಪಾರ್ಕ್ ಬೇಕು ಅಂತ ಕೇಳಿದವರಾದ್ರೂ ಯಾರು? ನಮ್ಮ ಸುತ್ತ ಇರೋದೆಲ್ಲ ಹೊಲ, ತೋಪು, ಗೋಮಾಳ.

ಇನ್ನೊಂದು ವ್ಯತ್ಯಾಸ ಇದೆ, ಇದನ್ನ ದಯವಿಟ್ಟು ನಿಧಾನವಾಗಿ ಓದಿ. ಆ ಸಭೆಯಲ್ಲಿ ನನಗೆ ಹೇಳೋಕೆ ಬರದೇ ಹೋಗಿದ್ದು ಇದೇ.

ಮಾಹಿಮ್ ಜಾಗ ಸಮುದ್ರ ಪಕ್ಕದ ಕೆಸರು ನೆಲ. ಉಬ್ಬರ ಬಂದ್ರೆ ಉಪ್ಪುನೀರು ಬರೋ ಕಡೆ. ಅಲ್ಲಿ ಕಸದಿಂದ ಇಳಿದ ನೀರು ಮೀಠಿಗೆ ಸೇರಿತು, ಸಮುದ್ರಕ್ಕೆ ಹೋಯ್ತು. ತಪ್ಪೇ, ಆದ್ರೆ ಆ ನೀರನ್ನ ಸೇದಿ ಯಾರೂ ರಾಗಿ ಬೆಳೀತಿರಲಿಲ್ಲ. ನಮ್ಮದು ಬಂಡೆ ನೆಲ. ನಮ್ಮ ಬೋರ್‌ವೆಲ್‌ಗೆ ನೀರು ಬರೋದು ಎಲ್ಲಿಂದ? ಬಂಡೆಯ ಬಿರುಕಿನಿಂದ. ಬೋರ್ ಕೊರೆಸಿದವರಿಗೆಲ್ಲ ಗೊತ್ತು. ಎಂಟುನೂರು ಅಡಿ ಬರೀ ಕಲ್ಲುಪುಡಿ ಹಾರುತ್ತೆ, ಒಂದು ಬಿರುಕು ಸಿಕ್ಕಿದ ತಕ್ಷಣ ನೀರು ಚಿಮ್ಮುತ್ತೆ. ಆ ಬಿರುಕು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತೆ ಅಂತ ಯಾರೂ ಹೇಳಲಾರರು. ನನ್ನ ಬೋರ್ ಹೊಡೆದಾಗ ಪಕ್ಕದ ಹೊಲದವರ ಬೋರಲ್ಲಿ ಕೆಂಪು ನೀರು ಬಂದು ಜಗಳ ಆಗಿತ್ತು, ಹಳೇ ಓದುಗರಿಗೆ ಗೊತ್ತು.

ಕ್ವಾರಿ ಅಂದ್ರೆ ಇಪ್ಪತ್ತು ವರ್ಷ ಡೈನಮೈಟ್ ಇಟ್ಟು ಸಿಡಿಸಿದ ಬಂಡೆ. ಇದ್ದ ಬಿರುಕು ಅಗಲ ಆಗಿದೆ, ಇಲ್ಲದ ಕಡೆ ಹೊಸದು ಬಂದಿದೆ. ಅಂಥ ಗುಂಡಿಗೆ ಹಸಿ ಕಸ, ಬ್ಯಾಟರಿ, ಔಷಧಿ ಸೀಸೆ, ಮಕ್ಕಳ ಡಯಾಪರ್ ಎಲ್ಲ ಒಟ್ಟಿಗೆ ಸುರಿದರೆ, ಗಾಳಿ ಆಡದೆ ಕೊಳೆತು ಒಳಗೆ ಗ್ಯಾಸ್ ಆಗುತ್ತೆ, ಕೆಳಗೆ ಕಪ್ಪು ರಸ ಇಳಿಯುತ್ತೆ. ಲೀಚೇಟ್ ಅಂತಾರೆ ಅದಕ್ಕೆ. ತಳಕ್ಕೆ ದಪ್ಪ ಪ್ಲಾಸ್ಟಿಕ್ ಶೀಟ್ ಹಾಸ್ತೀವಿ, ಒಂದು ತೊಟ್ಟೂ ಇಳಿಯಲ್ಲ ಅಂದರು ಸಾಹೇಬರು. ಸಾರ್, ನಾನು ಕೃಷಿ ಹೊಂಡಕ್ಕೆ ಅದೇ ಥರದ ಶೀಟ್ ಹಾಸಿದೀನಿ. ನಾಲ್ಕನೇ ವರ್ಷಕ್ಕೆ ಹೆಗ್ಗಣ ತೂತು ಮಾಡಿ ಹೊಂಡ ಒಣಗಿತು. ನನ್ನದು ತೆಳು ಶೀಟು, ನಿಮ್ಮದು ದಪ್ಪ ಇರಬಹುದು. ಆದ್ರೆ ನನ್ನ ಹೊಂಡ ಸೋರಿದರೆ ಕಣ್ಣಿಗೆ ಕಾಣುತ್ತೆ. ನೂರು ಅಡಿ ಕಸದ ಕೆಳಗಿನ ಶೀಟ್ ಹರಿದರೆ ಯಾರು ಇಳಿದು ಪ್ಯಾಚ್ ಹಾಕ್ತಾರೆ? ಅದು ಗೊತ್ತಾಗೋದು ನಮ್ಮ ನಲ್ಲಿಯಲ್ಲಿ ವಾಸನೆ ಬಂದಾಗಲೇ. ಅಷ್ಟು ಹೊತ್ತಿಗೆ ಮೇಲೆ ಗಿಡ ನೆಟ್ಟು ರಿಬ್ಬನ್ ಕತ್ತರಿಸಿ ಆಗಿರುತ್ತೆ.

ತಿಪ್ಪೆ ಸಾರಿಸೋದು ಅಂತ ನಮ್ಮ ಹಳ್ಳೀಲಿ ಒಂದು ಮಾತಿದೆ. ಒಳಗೆ ಕೊಳೆತಿರೋದನ್ನ ಮುಚ್ಚಿ ಮೇಲೆ ನುಣ್ಣಗೆ ಸಗಣಿ ಬಳಿಯೋದು. ನಮ್ಮ ಅಜ್ಜಂದಿರಿಗೆ ಪಾರ್ಕ್ ಗೊತ್ತಿರಲಿಲ್ಲ, ಆದ್ರೆ ವಿಷಯ ಗೊತ್ತಿತ್ತು.

ತಿಪ್ಪೆ ಅಂದೆ, ಅದರದ್ದೂ ಹೇಳಿಬಿಡ್ತೀನಿ. ನಾನು ಹುಡುಗನಾಗಿದ್ದಾಗ ನಮ್ಮಪ್ಪ ಎತ್ತಿನ ಗಾಡಿ ಕಟ್ಕೊಂಡು ಪಟ್ಟಣದ ಸಂತೆಗೆ ತರಕಾರಿ ಹಾಕಿ, ವಾಪಸ್ ಬರುವಾಗ ಖಾಲಿ ಬರ್ತಿರಲಿಲ್ಲ. ಸಂತೆ ಮಾಳದ ಕಸ ತುಂಬ್ಕೊಂಡು ಬರ್ತಿದ್ರು. ಎಲೆ, ಸಿಪ್ಪೆ, ಬೂದಿ, ಹುಲ್ಲು. ಅದಕ್ಕೆ ನಾಲ್ಕಾಣೆ ಕೊಟ್ಟಿದ್ದೂ ಉಂಟು. ತಿಪ್ಪೆಗೆ ಹಾಕಿ, ಕೊಟ್ಟಿಗೆ ಗೊಬ್ಬರ ಬೆರೆಸಿ, ಮುಂಗಾರಿಗೆ ಮುಂಚೆ ಹೊಲಕ್ಕೆ ಹೊಡೀತಿದ್ರು. ಪಟ್ಟಣದ ಕಸಕ್ಕೆ ಹಳ್ಳಿಯವನು ದುಡ್ಡು ಕೊಡ್ತಿದ್ದ ಕಾಲ ಅದು. ಬೆಂಗಳೂರಿನ ಕಸ ಗೊಬ್ಬರ ಮಾಡೋಕೆ ಅಂತಾನೇ 1975ರಲ್ಲಿ ಸರ್ಕಾರ ಒಂದು ಕಾಂಪೋಸ್ಟ್ ನಿಗಮ ಮಾಡಿತು. ಅಂದ್ರೆ ಈ ಬುದ್ಧಿ ಹೊಸದಲ್ಲ, ಐವತ್ತು ವರ್ಷದ ಹಿಂದೇನೇ ಇತ್ತು.

ಆಮೇಲೆ ಪ್ಲಾಸ್ಟಿಕ್ ಬಂತು. ಸಿಪ್ಪೆ ಜೊತೆ ಕವರ್, ಕವರ್ ಜೊತೆ ಬ್ಲೇಡ್. ಐದಾರು ವರ್ಷದ ಹಿಂದೆ ನಾನು "ಸಿಟಿ ಕಾಂಪೋಸ್ಟ್" ಅಂತ ಒಂದು ಲೋಡ್ ತರಿಸಿದ್ದೆ. ಅಗ್ಗಕ್ಕೆ ಸಿಕ್ತು. ಹೊಲಕ್ಕೆ ಹರಡಿದ ಮೇಲೆ ನೋಡ್ತೀನಿ, ಗಾಜಿನ ಚೂರು, ಶಾಂಪೂ ಪ್ಯಾಕೆಟ್, ಒಂದು ಇಂಜೆಕ್ಷನ್ ಸೂಜಿ, ಒಂದು ಗೊಂಬೆಯ ಕೈ. ಕಳೆ ಕೀಳೋಕೆ ಬಂದ ಹೆಣ್ಣುಮಗಳಿಗೆ ಗಾಜು ಚುಚ್ಚಿ ಮೂರು ಹೊಲಿಗೆ ಬಿತ್ತು. ಆಸ್ಪತ್ರೆ ಖರ್ಚು ನಾನೇ ಕೊಟ್ಟೆ, ಆದ್ರೆ ಮಾರನೇ ವರ್ಷ ಆಯಮ್ಮ ನನ್ನ ಹೊಲಕ್ಕೆ ಬರಲಿಲ್ಲ. ಇವತ್ತಿಗೂ ಉಳುಮೆ ಮಾಡಿದಾಗ ಆ ಭಾಗದಲ್ಲಿ ಮಿಣಮಿಣ ಅನ್ನುತ್ತೆ.

ನಗರದ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ ಕಸ. ಅದು ನಮ್ಮ ಹೊಲದಿಂದಲೇ ಹೋಗಿದ್ದು. ಕೋಸಿನ ಎಲೆ, ಬಾಳೆಸಿಪ್ಪೆ, ಹೂವಿನ ಮಾರ್ಕೆಟ್ಟಿನ ಬಾಡಿದ ಹೂವು. ಅದನ್ನ ಬೇರೆ ಬಕೆಟ್‌ಗೆ ಹಾಕಿದರೆ ಗೊಬ್ಬರ, ಅದೇ ಬಕೆಟ್‌ಗೆ ಒಂದು ಬ್ಯಾಟರಿ ಹಾಕಿದರೆ ವಿಷ. ಇದಕ್ಕೆ ಕಾನೂನು ಇಲ್ಲ ಅನ್ನಬೇಡಿ. 2000ದಲ್ಲಿ ನಿಯಮ ಬಂತು, 2016ರಲ್ಲಿ ಇನ್ನೂ ಬಿಗಿ ನಿಯಮ ಬಂತು. ಮನೆಯಲ್ಲೇ ಬೇರೆ ಮಾಡಬೇಕು, ಗೊಬ್ಬರಕ್ಕೂ ಮರುಬಳಕೆಗೂ ಬಾರದ, ಕೊಳೆಯದ, ಉರಿಯದ ಉಳಿಕೆ ಮಾತ್ರ ಗುಂಡಿಗೆ ಹೋಗಬೇಕು ಅಂತ ಅದರಲ್ಲಿ ಬರೆದಿದೆ. ಅಳಿಯಂದಿರು ಫೋನಲ್ಲಿ ತೆಗೆದು ಕೊಟ್ಟರು, ಎಸ್ಸೆಸ್ಸೆಲ್ಸಿ ಇಂಗ್ಲಿಷಲ್ಲಿ ತಡವರಿಸ್ತಾ ಓದಿದೆ. ಸರ್ಕಾರದ ನಿಯಮವನ್ನ ಸರ್ಕಾರದವರಿಗೆ ನಾವು ಓದಿ ಹೇಳೋ ಹಾಗಾಯ್ತು.

"ಬೆಂಗಳೂರಿಗೆ ತರಕಾರಿ ಮಾರಿ ದುಡ್ಡು ತಗೊಳ್ತೀರ, ಅವರ ಕಸ ಬೇಡ ಅಂದ್ರೆ ಹೇಗೆ?" ಅಂತ ಸಭೆಯಲ್ಲಿ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರ ಇಲ್ಲಿದೆ: ಬೇಡ ಅಂತ ಯಾರು ಹೇಳಿದ್ದು? ಹಸಿ ಕಸ ಮಾತ್ರ ಕಳಿಸಿ, ಗಾಜು ಸೂಜಿ ಇಲ್ಲದೆ. ವಾರಕ್ಕೆ ಎರಡು ಟ್ರ್ಯಾಕ್ಟರ್ ಲೋಡ್ ನಾನೊಬ್ಬನೇ ತಗೊಳ್ತೀನಿ, ಡೀಸೆಲ್ ನನ್ನದೇ. ನಮ್ಮೂರಲ್ಲಿ ಇನ್ನೂ ಹದಿನೈದು ಜನ ತಗೊಳ್ಳೋರಿದ್ದಾರೆ. ಡಿಎಪಿ ಚೀಲದ ರೇಟು ನೋಡಿದ ಯಾವ ರೈತ ಬೇಡ ಅಂತಾನೆ?

ನಮ್ಮವರೂ ಸಾಚಾ ಅಲ್ಲ, ಅದನ್ನೂ ಬರೀಬೇಕು. ಮಲ್ಚಿಂಗ್ ಶೀಟ್ ಹರಿದು ಬದುವಿಗೆ ಎಸೀತೀವಿ, ಔಷಧಿ ಡಬ್ಬ ಕಾಲುವೆಗೆ ಬಿಸಾಕ್ತೀವಿ, ಕೆರೆ ಏರಿ ಮೇಲೆ ಕೋಳಿ ಪುಕ್ಕದ ಚೀಲ ಬಿದ್ದಿರುತ್ತೆ. ಕ್ವಾರಿಗೆ ಕಸ ಬಂದ್ರೆ ಲಾರಿ ಬಾಡಿಗೆ ಸಿಗುತ್ತೆ ಅಂತ ಕಾಯ್ತಿರೋ ನಾಲ್ಕು ಜನ ನಮ್ಮೂರಲ್ಲೇ ಇದ್ದಾರೆ. ಈ ಪೋಸ್ಟ್ ಅವರೂ ಓದ್ತಾರೆ. ಓದಲಿ.

ಪಾರ್ಕಿಂದ ಹೊರಗೆ ಬಂದು ರಸ್ತೆ ದಾಟಿದ್ವಿ. ಅಳಿಯಂದಿರಿಗೆ ಇಷ್ಟ ಇರಲಿಲ್ಲ, ನಾನೇ ಎಳ್ಕೊಂಡು ಹೋದೆ. ಧಾರಾವಿಯಲ್ಲಿ ಮುಂಬೈನ ಗುಜರಿ ಬಂದು ಬೀಳುತ್ತೆ. ಒಂದು ಓಣಿಯಲ್ಲಿ ಹೆಂಗಸರು ಕೂತು ಪ್ಲಾಸ್ಟಿಕ್ ಆರಿಸ್ತಿದ್ರು. ಬಣ್ಣ ಬೇರೆ, ಗಟ್ಟಿ ಬೇರೆ, ಮೆತ್ತನೇದು ಬೇರೆ. ಕೈ ನೋಡದೇನೇ ಕೆಲಸ ಮಾಡುತ್ತೆ, ನಮ್ಮ ಮನೆಯವರು ಅಕ್ಕಿ ಆರಿಸೋ ಥರ. ನಾನು ಅಳಿಯಂದಿರ ಹತ್ರ ಕನ್ನಡದಲ್ಲಿ ಏನೋ ಅಂದಿದ್ದು ಕೇಳಿ ಒಬ್ಬ ಹೆಣ್ಣುಮಗಳು ತಲೆ ಎತ್ತಿ, "ಯಾವೂರ್ರಿ ಯಣ್ಣಾ ನಿಮ್ದು?" ಅಂದಳು. ಯಾದಗಿರಿ ಕಡೆಯವಳು. ಮಳೆ ಇಲ್ಲದ ವರ್ಷ ಗಂಡನ ಜೊತೆ ಬಂದವಳು ಅಲ್ಲೇ ಉಳಿದಳಂತೆ. ಎದುರುಗಡೆ ಪಾರ್ಕಿಗೆ ಹೋಗಿದೀರೇನಮ್ಮ ಅಂತ ಕೇಳಿದೆ. "ಒಮ್ಮಿ ಹೋಗೀನ್ರಿ, ಹುಡುಗ್ರ ಸಾಲಿಯಿಂದ ಕರಕೊಂಡು ಹೋಗಿದ್ರು. ಭಾಳ ತಂಪ ಅದ ರೀ ಒಳಗ" ಅಂದಳು. ಆಮೇಲೆ ಕೆಲಸ ನಿಲ್ಲಿಸದೇನೇ, "ನಮ್ಮನ್ನ ಇಲ್ಲಿಂದ ಎಬ್ಬಿಸಿ ದೇವನಾರಕ್ಕ ಹಾಕ್ತಾರಂತ ಸುದ್ದಿ ಅದ. ಕಸದ ಗುಡ್ಡದ ಮ್ಯಾಲ ಮನಿ ಕಟ್ಟಿ ಕೊಡ್ತಾರಂತ ನೋಡ್ರಿ" ಅಂದು ನಕ್ಕಳು.

ಸುಳ್ಳು ಸುದ್ದಿ ಅಲ್ಲ ಅದು. ಧಾರಾವಿ ಹೊಸದಾಗಿ ಕಟ್ಟೋ ಯೋಜನೆಯಲ್ಲಿ ಒಂದಷ್ಟು ಜನರಿಗೆ ಮನೆ ಕೊಡೋಕೆ ಅಂತ ದೇವನಾರ್ ಕಸದ ಜಾಗದಲ್ಲಿ 124 ಎಕರೆ ಕೊಡಲು ಅಲ್ಲಿನ ಸರ್ಕಾರ 2024ರಲ್ಲಿ ಒಪ್ಪಿದೆ. ಇಡೀ ಊರಿನ ಕಸ ಆರಿಸಿ ಊರು ಉಳಿಸಿದವರಿಗೆ ಸಿಗೋ ಜಾಗ ಎಲ್ಲಿ ನೋಡಿ. ಸಾಹೇಬರ ಲ್ಯಾಪ್‌ಟಾಪಲ್ಲಿ ರಸ್ತೆಯ ಈ ಕಡೆ ಇರಲಿಲ್ಲ.

ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ವಾಪಸ್ ಬಂದ್ವಿ. ಪಾರ್ಕ್ ನೋಡಿ ಬರೋವನಿಗೆ ರೈಲಿನ ಹೆಸರೂ ಉದ್ಯಾನ್! ಯಾದಗಿರಿ ಸ್ಟೇಷನ್ ದಾಟುವಾಗ ಎಚ್ಚರ ಇದ್ದೆ, ಆ ಹೆಣ್ಣುಮಗಳ ನೆನಪಾಯ್ತು. ಎದುರು ಸೀಟಲ್ಲಿ ಮಗಳೂ ಎದ್ದಿದ್ದಳು. "ಅಪ್ಪ, ಈಗ ಮನೇಲಿ ಕುಡಿಯೋಕೆ ಬೋರ್ ನೀರೇನಾ, ಫಿಲ್ಟರ್ ಹಾಕ್ಸಿದ್ದೀರಾ?" ಅಂತ ಕೇಳಿದಳು. ಬೋರ್ ನೀರೇ ಕಣಮ್ಮ, ನೀನು ಕುಡಿದು ಬೆಳೆದಿದ್ದು ಅದೇ ಅಂದೆ. ಸುಮ್ಮನಾದಳು.

ಬಂದ ಮಾರನೇ ದಿನಾನೇ ನಮ್ಮ ಮನೆ ಬೋರ್, ಊರ ಟ್ಯಾಂಕಿನ ಬೋರ್, ಕ್ವಾರಿ ಪಕ್ಕದ ಇಬ್ಬರ ಬೋರ್, ಒಟ್ಟು ನಾಲ್ಕು ಕಡೆಯ ನೀರನ್ನ ಬಾಟಲಿಗೆ ತುಂಬಿ, ತಾರೀಕು ಬರೆದು, ಟೆಸ್ಟ್‌ಗೆ ಕೊಟ್ಟಿದೀನಿ. ಕಸ ಬರೋಕೆ ಮುಂಚೆ ನೀರು ಹೇಗಿತ್ತು ಅಂತ ಕಾಗದ ಕೈಯಲ್ಲಿ ಇರಬೇಕು. ನಾಳೆ ಏನಾದ್ರೂ ಆದ್ರೆ "ಮೊದಲಿಂದಲೂ ಹಿಂಗೇ ಇತ್ತು" ಅಂತಾರೆ. ಕ್ವಾರಿ, ಡಂಪ್ ಪಕ್ಕದ ಊರವರು ಯಾರಾದ್ರೂ ಇದನ್ನ ಓದ್ತಿದ್ರೆ ನೀವೂ ಇವತ್ತೇ ಮಾಡಿಸಿ.

ಬರೋ ಗುರುವಾರ ಬೆಳಿಗ್ಗೆ ಹತ್ತೂವರೆಗೆ ಗ್ರಾಮಸಭೆ. ರಾಗಿ ಕೊಯ್ಲು ಇದೆ ಅಂತ ತಪ್ಪಿಸ್ಕೋಬೇಡಿ, ನನ್ನದೂ ಇದೆ. ಹೆಣ್ಣುಮಕ್ಕಳನ್ನ ಕರ್ಕೊಂಡು ಬನ್ನಿ, ನೀರು ಹೊರೋರು ಅವರೇ. ಬಾಯಿಮಾತಿಗೆ ಒಪ್ಪಬೇಡಿ, ಏನೇ ಹೇಳಿದ್ರೂ ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ. ನಾನು ಪಾರ್ಕಿನ ಫೋಟೋ, ದೇವನಾರ್ ಫೋಟೋ ಎರಡೂ ಪ್ರಿಂಟ್ ಹಾಕಿಸ್ಕೊಂಡು ಬರ್ತೀನಿ. ಆ ಗಾಜಿನ ಚೂರುಗಳನ್ನ ಒಂದು ಡಬ್ಬದಲ್ಲಿ ಎತ್ತಿಟ್ಟಿದ್ದೆ, ಅದನ್ನೂ ತರ್ತೀನಿ.